ಹಳೆ ಸೈಕಲ್ಲುಗಳಿಂದ ನಾಲ್ಕು ಗಾಲಿಯ ಪೆಡಲ್ ಕಾರು: ಕಟ್ಟುವ ಕ್ರಮ ಮತ್ತು ತಪ್ಪಬಾರದ ಎಚ್ಚರಿಕೆಗಳು

ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿರುವ ಸೈಕಲ್ಲುಗಳನ್ನು ಕಾರು ಕಟ್ಟುವ ಕೆಲಸಕ್ಕೆ ಬಳಸಬಹುದೇ ಎಂಬ ಪ್ರಶ್ನೆ ಕಲಬುರಗಿ, ಬೀದರ್, ಯಾದಗಿರಿ ಭಾಗದ ಓದುಗರಿಂದ ಪದೇ ಪದೇ ಬರುತ್ತಿದೆ. ಪ್ರಶ್ನೆ ಸಹಜವಾದದ್ದೇ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಇಂದು ಹಳ್ಳಿಯ ಅನೇಕ ಮನೆಗಳಲ್ಲಿ ಗೋಡೆಗೆ ಒರಗಿಕೊಂಡಿವೆ; ಭಂಗಾರದ, ಅಂದರೆ ಗುಜರಿಯ ಅಂಗಡಿಗೆ ಹಾಕಿದರೆ ಕಿಲೋ ಲೆಕ್ಕದಲ್ಲಿ ಹೋಗುವ ಆ ಕಬ್ಬಿಣದಲ್ಲಿ ಬೇರಿಂಗು, ಚೈನು, ಬ್ರೇಕು, ಗಾಲಿ ಎಲ್ಲವೂ ಇರುತ್ತವೆ. ಹೆನ್ರಿ ಫೋರ್ಡ್ 1896ರಲ್ಲಿ ಡೆಟ್ರಾಯಿಟ್‌ನಲ್ಲಿ ಕಟ್ಟಿದ ಮೊದಲ ಗಾಡಿಯೂ ನಾಲ್ಕು ಸೈಕಲ್ ಗಾಲಿಗಳ ಮೇಲೆಯೇ ಓಡಿತ್ತು.

ಈ ಲೇಖನದಲ್ಲಿ ವಿವರಿಸಿರುವುದು ಮನೆಯ ಅಂಗಳ, ಶಾಲೆಯ ಮೈದಾನ ಅಥವಾ ಹೊಲದ ಕಣದಲ್ಲಿ ಓಡಿಸಲು ಯೋಗ್ಯವಾದ, ಒಬ್ಬ ದೊಡ್ಡವರು ಅಥವಾ ಇಬ್ಬರು ಮಕ್ಕಳು ಕೂರಬಹುದಾದ ಪೆಡಲ್ ಕಾರು. ನಿಜವಾದ ಮೋಟಾರು ಕಾರಿನ ಮಾರ್ಪಾಡಿಗೆ ಸೈಕಲ್ ಭಾಗಗಳನ್ನು ಬಳಸುವ ಬಗ್ಗೆಯೂ ಕೇಳುವವರಿದ್ದಾರೆ. ಅದಕ್ಕೆ ಕೊನೆಯ ಭಾಗದಲ್ಲಿ ಚಿಕ್ಕ ಉತ್ತರವಿದೆ.

ಮೊದಲು ತಿಳಿಯಬೇಕಾದ ಒಂದು ವಿಷಯ

ಸೈಕಲ್ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತದೆ. ಸವಾರನ ಭಾರವೂ ತಿರುವಿನ ಎಳೆತವೂ ಸೇರಿ ಆಗ ಗಾಲಿಯ ಸಮತಲದಲ್ಲಿಯೇ, ಅಂದರೆ ರಿಮ್ಮಿನಿಂದ ನೇರವಾಗಿ ಗಾಲಿಯ ನಡುವಿನ ಹಬ್ಬಿನ ಕಡೆಗೆ ಬೀಳುತ್ತವೆ. ಆದ್ದರಿಂದಲೇ ಅಷ್ಟು ತೆಳುವಾದ ಕಡ್ಡಿಗಳು ಅಷ್ಟು ದೊಡ್ಡ ಭಾರವನ್ನು ತಾಳಿಕೊಳ್ಳುತ್ತವೆ. ನಾಲ್ಕು ಗಾಲಿಯ ಬಂಡಿಗೆ ವಾಲುವ ಅವಕಾಶವಿಲ್ಲ. ತಿರುವಿನಲ್ಲಿ ಅದರ ಗಾಲಿಗೆ ಅಡ್ಡದಿಂದ ಒತ್ತಡ ಬೀಳುತ್ತದೆ, ಮತ್ತು ಸೈಕಲ್ ಗಾಲಿಯನ್ನು ಆ ಅಡ್ಡ ಒತ್ತಡಕ್ಕಾಗಿ ಮಾಡಿರುವುದಿಲ್ಲ. ಇಂಥ ಬಂಡಿಗಳಲ್ಲಿ ರಿಮ್ಮು ತಿರುಚಿಕೊಳ್ಳುವುದು, ಎಕ್ಸೆಲ್ ಬಾಗುವುದು, ಕಡ್ಡಿ ತುಂಡಾಗುವುದು ಬಹುಮಟ್ಟಿಗೆ ಈ ಕಾರಣದಿಂದಲೇ. ಮುಂದೆ ಹೇಳುವ ಹೆಚ್ಚಿನ ಸೂಚನೆಗಳೂ ಇದರಿಂದಲೇ ಹುಟ್ಟಿದವು.

ಎರಡನೆಯದು ಕಾನೂನಿನ ಮಾತು. ಈ ಬಂಡಿಯನ್ನು ಸಾರ್ವಜನಿಕ ರಸ್ತೆಗೆ ತರಬೇಡಿ, ಅದಕ್ಕೆ ಎಂಜಿನ್ನಾಗಲಿ ಬ್ಯಾಟರಿ ಮೋಟಾರಾಗಲಿ ಕೂರಿಸಬೇಡಿ. 1988ರ ಮೋಟಾರು ವಾಹನ ಕಾಯ್ದೆ ಸಣ್ಣ ಎಂಜಿನ್ನಿನ ಗಾಡಿಗಳಿಗೆ ಕೊಡುವ ವಿನಾಯಿತಿ ನಾಲ್ಕಕ್ಕಿಂತ ಕಡಿಮೆ ಗಾಲಿಯವುಗಳಿಗೆ ಮಾತ್ರ. ನಾಲ್ಕು ಗಾಲಿಗೆ ಎಂಜಿನ್ ಸೇರಿತೆಂದರೆ ಆ ವಿನಾಯಿತಿಯ ಆಸರೆ ಇರುವುದಿಲ್ಲ.

ಬೇಕಾಗುವ ಸಾಮಾನು

ಮಕ್ಕಳ 20 ಇಂಚಿನ ಸೈಕಲ್ ನಾಲ್ಕು, ದೊಡ್ಡ ಕರಿ ಸೈಕಲ್ ಒಂದು. ದೊಡ್ಡ ಸೈಕಲ್ಲಿನ 28 ಇಂಚಿನ ಗಾಲಿಗಳೇ ಚೆನ್ನಾಗಿ ಕಾಣುತ್ತವೆ ಎಂದು ಅವನ್ನೇ ಹಾಕಲು ಬಹಳ ಜನ ಬಯಸುತ್ತಾರೆ. ಹಾಗೆ ಮಾಡಬೇಡಿ. ಕಡ್ಡಿ ಉದ್ದವಾದಷ್ಟೂ ಅಡ್ಡ ಒತ್ತಡಕ್ಕೆ ರಿಮ್ಮು ಬೇಗ ಸೋಲುತ್ತದೆ. 20 ಇಂಚಿನ ಗಾಲಿ ಅದೇ ಒತ್ತಡವನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ. 36 ಕಡ್ಡಿಯ ಗಾಲಿ ಸಿಕ್ಕರೆ 28 ಕಡ್ಡಿಯದಕ್ಕಿಂತ ಅದನ್ನೇ ಆರಿಸಿ.

ಇವುಗಳ ಜೊತೆಗೆ ಚೌಕಟ್ಟಿಗೆ ಒಂದು ಇಂಚಿನ ಚೌಕ ಪೈಪು, 1.6 ಮಿಲಿಮೀಟರ್ ದಪ್ಪದ್ದು. 20 ಮಿಲಿಮೀಟರಿನ ಒಂದು ಉಕ್ಕಿನ ಸರಳು. ಅದಕ್ಕೆ ಹೊಂದುವ ಎರಡು ಪೆಡೆಸ್ಟಲ್ ಬೇರಿಂಗು. ಪೆಡೆಸ್ಟಲ್ ಬೇರಿಂಗ್ ಎಂದರೆ ಬೋಲ್ಟ್ ಹಾಕಿ ಕೂರಿಸುವ ಕಾಲುಗಳಿರುವ, ಗೂಡಿನೊಳಗಿನ ಬೇರಿಂಗು. ಹಿಟ್ಟಿನ ಗಿರಣಿಗಳಲ್ಲಿ ನೋಡಿರುತ್ತೀರಿ. ಅಂಗಡಿಯಲ್ಲಿ ಯುಸಿಪಿ 204 ಎಂದು ಕೇಳಿದರೆ 20 ಮಿಲಿಮೀಟರಿನದನ್ನೇ ಕೊಡುತ್ತಾರೆ. ವೆಲ್ಡಿಂಗ್ ನಿಮಗೆ ಬಾರದಿದ್ದರೆ ಕಪನೂರಿನಂಥ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮಾಡಿಸಿ. ಸ್ಟೇರಿಂಗು, ಬ್ರೇಕಿನ ಬೆಸುಗೆಯ ಮೇಲೆ ಕೈ ಕಲಿಯುವುದು ಬೇಡ.

ಹಳೆ ಸೈಕಲ್ ಕೊಳ್ಳುವಾಗ ಮಾರುವವರಿಂದ ಒಂದು ಚೀಟಿ ಬರೆಯಿಸಿಕೊಳ್ಳಿ. ಕಳವಿನ ಸೈಕಲ್ಲನ್ನು ತುಂಡು ಮಾಡಿದ ಮೇಲೆ ನಿಮ್ಮ ಕೈಯಲ್ಲಿ ಯಾವ ಆಧಾರವೂ ಉಳಿಯುವುದಿಲ್ಲ.

ಹಂತ 1: ಬಿಚ್ಚುವುದು ಮತ್ತು ಆರಿಸುವುದು

ಬಿಚ್ಚುವ ಹಿಂದಿನ ರಾತ್ರಿ ಎಲ್ಲ ನಟ್ಟುಗಳಿಗೂ ಸೀಮೆಎಣ್ಣೆ ಅಥವಾ ಡೀಸೆಲ್ ಹನಿಸಿ ಬಿಡಿ. ಮರುದಿನ ಪಾನಾ ಹಾಕುವಾಗ ಎರಡು ಜಾಗಗಳಲ್ಲಿ ಎಲ್ಲರೂ ಎಡವುತ್ತಾರೆ. ಎಡಗಾಲಿನ ಪೆಡಲಿನ ಚೂಡಿ, ಅಂದರೆ ನಟ್ಟು ಬೋಲ್ಟಿನ ಸುರುಳಿ ಗೆರೆ, ಉಲ್ಟಾ ಇರುತ್ತದೆ. ಅದನ್ನು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹಾಗೆಯೇ ಪೆಡಲಿನ ಎಕ್ಸೆಲ್ ಕೂರುವ ಗೂಡಿನಲ್ಲಿ ಚೈನಿನ ಬದಿಯ, ಅಂದರೆ ಬಲಗಡೆಯ ಕಪ್ಪಿನ ಚೂಡಿಯೂ ಉಲ್ಟಾ. ಇದನ್ನು ತಿಳಿಯದೆ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದರೆ ಚೂಡಿ ಹಾಳಾಗಿ ಇಡೀ ಗೂಡೇ ಭಂಗಾರಕ್ಕೆ ಹೋಗುತ್ತದೆ.

ಬಿಚ್ಚಿದ ಮೇಲೆ ಒಂದೊಂದನ್ನೂ ಪರೀಕ್ಷಿಸಿ. ಹಬ್ಬಿನೊಳಗಿನ ಕೋನ್, ಅಂದರೆ ಬಾಲ್ಸುಗಳು ಉರುಳುವ ಮೊನಚು ನಟ್ಟು, ಬೆಳಕಿಗೆ ಹಿಡಿದಾಗ ಅದರ ಮೇಲಿನ ಹಾದಿ ಕನ್ನಡಿಯಂತೆ ಹೊಳೆಯಬೇಕು. ಉಗುರಿಗೆ ಸಿಕ್ಕುವ ಗುಳಿಯಿದ್ದರೆ ಹೊಸದನ್ನು ತನ್ನಿ, ಅದರ ಬೆಲೆ ದೊಡ್ಡದೇನಲ್ಲ. ಬಾಲ್ಸುಗಳನ್ನು ಮಾತ್ರ ಹಳೆಯವು ಬಳಸಲೇಬೇಡಿ. ಹಿಂದಿನ ಹಬ್ಬಿಗೆ ಸಾಮಾನ್ಯವಾಗಿ ಕಾಲು ಇಂಚಿನ ಬಾಲ್ಸು ಒಂದು ಬದಿಗೆ 9, ಮುಂದಿನ ಹಬ್ಬಿಗೆ ಅದಕ್ಕಿಂತ ಸಣ್ಣವು ಒಂದು ಬದಿಗೆ 10 ಬೇಕಾಗುತ್ತವೆ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಅಳತೆಯಲ್ಲಿ ಕೂದಲೆಳೆಯಷ್ಟು ದಪ್ಪ ಇರುವ ಹೊಸ ಬಾಲ್ಸುಗಳ ಮೇಲೆಯೇ ಎಲ್ಲ ಭಾರ ಬೀಳುತ್ತದೆ.

ಚೈನನ್ನು ಅಳೆಯಲು ಸ್ಕೇಲು ಸಾಕು. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಗಂಟುಗಳ ಉದ್ದ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್ ಇರಬೇಕು. ಅದು 308 ಮುಟ್ಟಿದ್ದರೆ ಚೈನು ಸವೆದಿದೆ ಎಂದೇ ತಿಳಿಯಿರಿ. ಭಾರದ ಬಂಡಿಗೆ ಅದು ಬೇಡ.

ಫ್ರೀವ್ಹೀಲನ್ನು, ಅಂದರೆ ಹಿಂಗಾಲಿಯಲ್ಲಿ ಚೈನು ಕೂರುವ ಹಲ್ಲುಗಾಲಿಯನ್ನು, ಸೀಮೆಎಣ್ಣೆಯಲ್ಲಿ ಅದ್ದಿ, ತಿರುಗಿಸಿ, ಕೊಳೆ ಬಿಡಿಸಿ, ತೆಳುವಾದ ಎಣ್ಣೆ ಮಾತ್ರ ಹಾಕಿ. ಅದರೊಳಗೆ ಗ್ರೀಸ್ ತುಂಬಬಾರದು. ಟಿಕ್ ಟಿಕ್ ಸದ್ದು ಮಾಡುವ ಒಳಗಿನ ಸಣ್ಣ ನಾಲಿಗೆಗಳು ಗ್ರೀಸಿಗೆ ಅಂಟಿಕೊಂಡು, ಪೆಡಲ್ ತುಳಿದಾಗ ಕಚ್ಚದೆ ಜಾರುತ್ತವೆ.

ಹಂತ 2: ಕತ್ತರಿಸುವುದು

ನಾಲ್ಕು ಮಕ್ಕಳ ಸೈಕಲ್ಲುಗಳಲ್ಲಿ ಎರಡರ ಮುಂಭಾಗ, ಎರಡರ ಹಿಂಭಾಗ ನಮಗೆ ಬೇಕು. ಮುಂಭಾಗವೆಂದರೆ ಮುಂಗಾಲಿಯನ್ನು ಹಿಡಿದಿರುವ ಎರಡು ಕಾಲಿನ ಫೋರ್ಕು, ಅದು ತಿರುಗುವ ಹೆಡ್ ಪೈಪು, ಅದರೊಳಗಿನ ಬಾಲ್ಸು ಕಪ್ಪುಗಳ ಸಮೇತ. ಹಿಂಭಾಗವೆಂದರೆ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಇಡೀ ತ್ರಿಕೋನ.

ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರಬೇಕು ಎಂಬುದರಲ್ಲಿ ರಾಜಿ ಬೇಡ. ಕಾರಿನ ಗಾಲಿಯಂತೆ ಒಂದೇ ಬದಿಯಿಂದ ಸಿಕ್ಕಿಸಿದರೆ ನೋಡಲು ಚೆಂದ, ಜಾಗವೂ ಉಳಿಯುತ್ತದೆ. ಆದರೆ ಸೈಕಲ್ಲಿನ ಹಿಂದಿನ ಎಕ್ಸೆಲ್ಲಿನ ದಪ್ಪ 3/8 ಇಂಚು, ಮುಂದಿನದು 5/16 ಇಂಚು. ಎರಡೂ ತುದಿಗಳಲ್ಲಿ ಆಧಾರವಿರುತ್ತದೆ ಎಂದು ನಂಬಿಯೇ ಅವನ್ನು ಅಷ್ಟು ಸಪೂರವಾಗಿ ಮಾಡಿದ್ದಾರೆ. ನಾನು ಕಟ್ಟಿದ ಮೊದಲ ಬಂಡಿಯಲ್ಲಿ ಇದೇ ತಪ್ಪು ಮಾಡಿದ್ದೆ. ಅಂಗಳದಲ್ಲಿ ಒಂದು ಸುತ್ತು ಹೊಡೆಯುವಷ್ಟರಲ್ಲಿ ಮುಂದಿನ ಎರಡು ಗಾಲಿಗಳೂ ಅಗಲಿಸಿದ ಕಾಲುಗಳಂತೆ ಕೆಳಗಡೆ ಹೊರಕ್ಕೆ ಚಾಚಿಕೊಂಡು ನಿಂತವು.

ಕತ್ತರಿಸುವಾಗ ಸೈಕಲ್ ಕಂಪನಿಯ ಜೋಡಣೆಯಿಂದ ನಾಲ್ಕೈದು ಸೆಂಟಿಮೀಟರ್ ದೂರ ಬಿಟ್ಟು, ಕಬ್ಬಿಣ ಕೊಯ್ಯುವ ಎಕ್ಸಾ ಬ್ಲೇಡ್ ಹಾಕಿ. ಹಳೆ ಸೈಕಲ್ಲುಗಳ ಮೂಲೆಗಳನ್ನು ಅನೇಕ ವೇಳೆ ಹಿತ್ತಾಳೆ ಕರಗಿಸಿ ಕೂಡಿಸಿರುತ್ತಾರೆ. ಆ ಹಿತ್ತಾಳೆಯ ಮೇಲೆ ವೆಲ್ಡಿಂಗ್ ಮಾಡಿದರೆ ಬೆಸುಗೆ ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ಒಳಗೆ ಬಿರುಕು ಬಿಡುತ್ತದೆ.

ಹಂತ 3: ಚೌಕಟ್ಟು

ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಸುಮಾರು 150 ಸೆಂಟಿಮೀಟರ್, ಎಡಗಡೆಯ ಗಾಲಿಗೂ ಬಲಗಡೆಯ ಗಾಲಿಗೂ ನಡುವೆ 85ರಿಂದ 90 ಸೆಂಟಿಮೀಟರ್ ಇಟ್ಟುಕೊಳ್ಳಿ. ಅಗಲ ಕಡಿಮೆ ಮಾಡಿದರೆ ಬಂಡಿ ಮಗುಚುವ ಭಯವಿದೆ. ಆಸನ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಅಡಿಯ ಪೈಪಿನ ಮೇಲೆಯೇ ಹಲಗೆ ಹಾಕಿದರೂ ನಡೆಯುತ್ತದೆ.

ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಅಳತೆಯ ನಕ್ಷೆ ಎಳೆದು, ಪೈಪುಗಳನ್ನು ಅದರ ಮೇಲಿಟ್ಟು ಮೊದಲು ಚುಕ್ಕೆ ಬೆಸುಗೆ ಮಾತ್ರ ಹಾಕಿಸಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ದಾರದಿಂದ ಅಳೆದು, ಎರಡೂ ಸಮನಾದ ಮೇಲೆ ಪೂರ್ತಿ ಬೆಸುಗೆ ಹಾಕಿಸಬೇಕು. ಸೈಕಲ್ ಪೈಪು ತೆಳು. ದಪ್ಪ ಗೇಟು ಬೆಸೆಯುವ ಅಭ್ಯಾಸದಲ್ಲಿ ಕರೆಂಟು ಏರಿಸಿಕೊಂಡರೆ ತೂತು ಬೀಳುವುದು ಖಚಿತ, 2.5 ಮಿಲಿಮೀಟರ್ ರಾಡು, 60ರಿಂದ 80 ಆಂಪಿಯರ್ ಸಾಕು. ಎರಡೂ ತುದಿ ಮುಚ್ಚುವ ಪೈಪಿಗೆ ಒಂದು ಸಣ್ಣ ತೂತು ಮೊದಲೇ ಕೊರೆಯಿರಿ, ಇಲ್ಲದಿದ್ದರೆ ಕಾದ ಗಾಳಿ ಬೆಸುಗೆಯನ್ನು ಸೀಳಿಕೊಂಡು ಹೊರಬರುತ್ತದೆ.

ಬಣ್ಣ, ಕ್ರೋಮಿನ ಹೊಳಪು, ಸತುವಿನ ಲೇಪ ಏನೇ ಇದ್ದರೂ ಬೆಸುಗೆಯ ಜಾಗದಲ್ಲಿ ಉಜ್ಜಿ ತೆಗೆಯಿರಿ. ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬಂದಂತಾಗುತ್ತದೆ. ಹಳೆ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಇದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಶೆಡ್ಡಿನ ಬಾಗಿಲು ಮುಚ್ಚಿ ಕೂಲರ್ ಹಾಕಿಕೊಂಡು ಈ ಕೆಲಸ ಮಾಡುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ, ಬೆಳಗಿನ ಹೊತ್ತು, ಬಯಲಿನಲ್ಲಿ ಮಾಡಿ.

ಮುಂದಿನ ಹೆಡ್ ಪೈಪುಗಳು ನೆಲದಿಂದ ಸಾಕಷ್ಟು ಎತ್ತರದಲ್ಲಿ ನಿಲ್ಲುತ್ತವೆ. ಗಾಲಿಯ ಅಡ್ಡ ಒತ್ತಡವೆಲ್ಲ ಆ ಎತ್ತರದಲ್ಲಿ ಸನ್ನೆಕೋಲಿನಂತೆ ಕೆಲಸ ಮಾಡುವುದರಿಂದ, ಹೆಡ್ ಪೈಪನ್ನು ಒಂದೇ ಕಂಬಕ್ಕೆ ಬೆಸೆದು ಬಿಡಬಾರದು. ಹಿಂದಕ್ಕೊಂದು, ಒಳಕ್ಕೊಂದು ಓರೆ ಪೈಪು ಕೊಟ್ಟು ತ್ರಿಕೋನ ಮಾಡಿ. ಎರಡೂ ಹೆಡ್ ಪೈಪುಗಳು ಸೈಕಲ್ಲಿನಲ್ಲಿ ಇದ್ದಷ್ಟೇ ಹಿಂದಕ್ಕೆ ವಾಲಿರಬೇಕು, ಮತ್ತು ಎರಡರ ವಾಲಿಕೆಯೂ ಒಂದೇ ಆಗಿರಬೇಕು.

ಹಂತ 4: ಸ್ಟೇರಿಂಗು

ಬಂಡಿ ತಿರುಗುವಾಗ ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿ, ಹೊರಬದಿಯದು ದೊಡ್ಡ ವೃತ್ತದಲ್ಲಿ ಓಡುತ್ತದೆ. ಹಾಗಾಗಿ ಒಳಗಾಲಿ ಹೆಚ್ಚು ಕೋನಕ್ಕೆ ತಿರುಗಬೇಕು. ಎರಡನ್ನೂ ಸಮಾನವಾಗಿ ತಿರುಗಿಸಿದರೆ ಒಂದು ಗಾಲಿ ಉರುಳುವ ಬದಲು ನೆಲಕ್ಕೆ ಉಜ್ಜುತ್ತಾ ಹೋಗುತ್ತದೆ, ಮತ್ತೆ ಅದೇ ಅಡ್ಡ ಒತ್ತಡ. ಇದಕ್ಕೆ ಪರಿಹಾರ ಅಕರ್ಮನ್ ಜೋಡಣೆ. ಕಾರುಗಳಲ್ಲಿಯೂ ಇರುವುದು ಇದೇ ತತ್ವ.

ಮಾಡುವ ರೀತಿ ಸುಲಭ. ಪ್ರತಿ ಫೋರ್ಕಿನ ತಲೆಯ ಭಾಗಕ್ಕೆ, ಅಂದರೆ ಎರಡು ಕಾಲುಗಳು ಕೂಡುವ ಜಾಗಕ್ಕೆ, ಸುಮಾರು 12 ಸೆಂಟಿಮೀಟರ್ ಉದ್ದದ ದಪ್ಪ ಪಟ್ಟಿಯೊಂದನ್ನು ಹಿಂದಕ್ಕೆ ಮುಖ ಮಾಡಿ ಬೆಸೆಯಬೇಕು. ಅದನ್ನು ನೇರ ಹಿಂದಕ್ಕೆ ಇಡದೆ ಸ್ವಲ್ಪ ಒಳಕ್ಕೆ ಓರೆ ಮಾಡಿ. ಎಷ್ಟು ಓರೆ ಎಂಬುದಕ್ಕೆ ದಾರವೇ ಅಳತೆ: ಗಾಲಿಗಳು ನೇರವಾಗಿರುವಾಗ ಹೆಡ್ ಪೈಪಿನ ನಡುವಿನಿಂದ ಪಟ್ಟಿಯ ತೂತಿನ ಮೇಲೆ ಹಾಯಿಸಿ ದಾರ ಎಳೆದರೆ, ಎರಡೂ ದಾರಗಳು ಹಿಂದಿನ ಗಾಲಿಗಳ ಎಕ್ಸೆಲ್ ರೇಖೆಯ ನಟ್ಟನಡುವೆ ಕೂಡಬೇಕು. ಆಮೇಲೆ ಎರಡೂ ಪಟ್ಟಿಗಳನ್ನು ಒಂದು ಅಡ್ಡ ಸರಳಿನಿಂದ ಜೋಡಿಸಿ, ಅದರ ತುದಿಗಳಿಗೆ ರಾಡ್ ಎಂಡ್, ಅಂದರೆ ಗುಂಡು ಕೂರಿಸಿದ ತಿರುಗುವ ಕೊಂಡಿ ಹಾಕಿ. ಬರೀ ನಟ್ಟು ಬೋಲ್ಟು ಹಾಕಿದರೆ ಕೆಲವೇ ದಿನದಲ್ಲಿ ತೂತು ಸವೆದು ಸ್ಟೇರಿಂಗು ಅಲ್ಲಾಡತೊಡಗುತ್ತದೆ.

ಹ್ಯಾಂಡಲ್ಲಿಗೆ ದೊಡ್ಡ ಸೈಕಲ್ಲಿನ ಹೆಡ್ ಪೈಪನ್ನೇ ನಡುವೆ ಕೂರಿಸಿ, ಅದರ ಫೋರ್ಕಿನ ಕಾಲುಗಳನ್ನು ಕತ್ತರಿಸಿ, ತಲೆಗೆ ಒಂದು ಪಟ್ಟಿ ಬೆಸೆದು, ಅಲ್ಲಿಂದ ಒಂದು ಸರಳನ್ನು ಎಡಗಾಲಿಯ ಪಟ್ಟಿಗೆ ಕೊಡಿ. ಹ್ಯಾಂಡಲ್ಲಿನ ಕಾಂಡವನ್ನೇ ಪಟ್ಟಿಯಾಗಿ ಬಳಸುವ ಅಡ್ಡದಾರಿ ಬೇಡ. ಅದು ಒಳಗಿನ ಬೆಣೆಯ ಬಿಗಿತದ ಮೇಲೆ ಮಾತ್ರ ನಿಂತಿರುತ್ತದೆ, ಗಾಲಿ ಕಲ್ಲಿಗೆ ಬಡಿದ ಕ್ಷಣವೇ ಜಾರುತ್ತದೆ.

ಕೊನೆಗೆ ಎರಡು ಮುಂಗಾಲಿಗಳ ರಿಮ್ಮಿನ ಅಂತರವನ್ನು ಮುಂದೊಮ್ಮೆ, ಹಿಂದೊಮ್ಮೆ ಅಳೆಯಿರಿ. ಎರಡೂ ಸಮನಿರಬೇಕು, ಅಥವಾ ಮುಂದಿನ ಅಳತೆ ಎರಡು ಮೂರು ಮಿಲಿಮೀಟರ್ ಕಡಿಮೆಯಿರಬಹುದು.

ಹಂತ 5: ಚೈನು ಮತ್ತು ಎಳೆತ

ಹಿಂದಿನ ಎರಡೂ ಗಾಲಿಗಳನ್ನು ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಬಂಡಿ ಮುಂದಕ್ಕೆ ನೇರವಾಗಿ ಹೋಗಲು ಹಟ ಮಾಡುತ್ತದೆ. ಕಾರಿನಲ್ಲಿ ಇದಕ್ಕೆ ಡಿಫರೆನ್ಶಿಯಲ್ ಇರುತ್ತದೆ, ಅಂದರೆ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಪೆಟ್ಟಿಗೆ. ಸೈಕಲ್ ರಿಕ್ಷಾದಲ್ಲಿ ಸಾಮಾನ್ಯವಾಗಿ ಒಂದೇ ಗಾಲಿಗೆ ಎಳೆತ ಕೊಟ್ಟು, ಇನ್ನೊಂದನ್ನು ಬಿಡಿಯಾಗಿ ತಿರುಗಲು ಬಿಡುತ್ತಾರೆ. ನಮ್ಮ ಬಳಿ ಎರಡು ಫ್ರೀವ್ಹೀಲ್ ಇರುವುದರಿಂದ ಇನ್ನೂ ಒಳ್ಳೆಯ ದಾರಿಯಿದೆ.

ಪೆಡಲಿನಿಂದ ಒಂದು ಉದ್ದ ಚೈನು ನಡುವಿನ 20 ಮಿಲಿಮೀಟರಿನ ಸರಳಿಗೆ ಬರುತ್ತದೆ. ಆ ಸರಳಿನ ಮೇಲಿನ ಎರಡು ಸಮಾನ ಹಲ್ಲಿನ ಚೈನ್ ವ್ಹೀಲುಗಳಿಂದ ಎರಡು ಗಿಡ್ಡ ಚೈನುಗಳು ಎಡ ಮತ್ತು ಬಲ ಗಾಲಿಗಳ ಫ್ರೀವ್ಹೀಲುಗಳಿಗೆ ಹೋಗುತ್ತವೆ. ನೇರ ಹಾದಿಯಲ್ಲಿ ಎರಡೂ ಗಾಲಿಗಳು ಎಳೆಯುತ್ತವೆ. ತಿರುವಿನಲ್ಲಿ ವೇಗವಾಗಿ ಓಡಬೇಕಾದ ಹೊರಗಾಲಿ ತನ್ನ ಫ್ರೀವ್ಹೀಲಿನ ಮೇಲೆ ಟಿಕ್ ಟಿಕ್ ಎನ್ನುತ್ತಾ ಮುಂದೆ ಸಾಗುತ್ತದೆ, ಒಳಗಾಲಿ ಮಾತ್ರ ಎಳೆಯುತ್ತದೆ. ಹಿಂದಕ್ಕೆ ಹೋಗಬೇಕಾದರೆ ಮಾತ್ರ ಇಳಿದು ತಳ್ಳಬೇಕು. ಫೋರ್ಡ್ ಅವರ ಆ ಮೊದಲ ಗಾಡಿಗೂ ರಿವರ್ಸ್ ಇರಲಿಲ್ಲ.

ಹಲ್ಲಿನ ಲೆಕ್ಕ ಹೀಗೆ ಹಾಕಿ. ದೊಡ್ಡ ಸೈಕಲ್ಲಿನ 44 ಹಲ್ಲಿನ ಚೈನ್ ವ್ಹೀಲು, 18 ಹಲ್ಲಿನ ಫ್ರೀವ್ಹೀಲು ಸೇರಿದರೆ ಪೆಡಲ್ ಒಂದು ಸುತ್ತಿಗೆ ಗಾಲಿ 2.4 ಸುತ್ತು ಹೊಡೆಯುತ್ತದೆ. ಭಾರದ ಬಂಡಿಯನ್ನು ಈ ಲೆಕ್ಕದಲ್ಲಿ ನಿಂತಲ್ಲಿಂದ ಎಬ್ಬಿಸಲು ಮೊಣಕಾಲು ಹಿಡಿದುಕೊಳ್ಳುತ್ತದೆ. ಮಕ್ಕಳ ಸೈಕಲ್ಲಿನ 32 ಹಲ್ಲಿನದನ್ನು ಬಳಸಿದರೆ ಅದು 1.8ಕ್ಕೆ ಇಳಿಯುತ್ತದೆ, 20 ಇಂಚಿನ ಗಾಲಿಯ ಸುತ್ತಳತೆ ಸುಮಾರು ಒಂದೂವರೆ ಮೀಟರ್ ಆದ್ದರಿಂದ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 10 ಕಿಲೋಮೀಟರ್. ಅಂಗಳದ ಬಂಡಿಗೆ ಅಷ್ಟು ಸಾಕು, ಬ್ರೇಕಿಗೂ ಅದೇ ಹಿತ. ಪೆಡಲಿನಿಂದ ನಡುಸರಳಿಗೆ ಬರುವ ಚೈನಿನ ಎರಡೂ ತುದಿಯಲ್ಲಿ ಸಮಾನ ಹಲ್ಲುಗಳಿದ್ದರೆ ಈ ಲೆಕ್ಕ ಕೆಡುವುದಿಲ್ಲ.

ಉದ್ದ ಚೈನು ಎರಡು ಚೈನುಗಳನ್ನು ಕೂಡಿಸಿ ಮಾಡಿದ್ದು. ಕೂಡಿಸುವ ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ, ಸೀಳಿದ ಬದಿ ಹಿಂದಕ್ಕೆ ಇರಬೇಕು. ಉಲ್ಟಾ ಹಾಕಿದರೆ ಏನಾದರೂ ತಗುಲಿದಾಗ ಕ್ಲಿಪ್ಪು ಕಳಚುತ್ತದೆ. ಪೆಡಲು ಮುಂದಿರುವುದರಿಂದ ಚೈನಿನ ಮೇಲಿನ ಎಳೆ ಬಿಗಿಯಾಗಿ, ಕೆಳಗಿನದು ಸಡಿಲವಾಗಿ ಇರುತ್ತದೆ. ಜೋಲು ತಡೆಯುವ ಸಣ್ಣ ಗಾಲಿಯನ್ನು ಕೆಳಗಿನ ಎಳೆಗೇ ಕೊಡಿ. ಮಕ್ಕಳು ಕೂರುವ ಬಂಡಿಯಾದ್ದರಿಂದ ಮೂರೂ ಚೈನುಗಳಿಗೆ ತಗಡಿನ ಮುಚ್ಚಿಗೆ ಇರಲೇಬೇಕು. ಬೆರಳು, ದುಪಟ್ಟಾ, ಪಂಚೆಯ ಅಂಚು, ಯಾವುದನ್ನೂ ಚೈನು ಬಿಡುವುದಿಲ್ಲ.

ಹಂತ 6: ಬ್ರೇಕು

ಒಂದು ಲಿವರ್ ಮುಂದಿನ ಎರಡು ಗಾಲಿಗಳಿಗೆ, ಇನ್ನೊಂದು ಹಿಂದಿನ ಎರಡಕ್ಕೆ. ಎಡಗೈಗೆ ಎಡಗಾಲಿ, ಬಲಗೈಗೆ ಬಲಗಾಲಿ ಎಂದು ಹಂಚಿದರೆ ಒಂದು ಕೈ ಜೋರಾದ ಕ್ಷಣ ಬಂಡಿ ಆ ಬದಿಗೆ ತಿರುಗಿಬಿಡುತ್ತದೆ. ಒಂದು ಲಿವರಿನಿಂದ ಎರಡು ಬ್ರೇಕು ಎಳೆಯಲು ನಡುವೆ ಒಂದು ತಕ್ಕಡಿ ಪಟ್ಟಿ ಮಾಡಿ: ಬೆರಳುದ್ದದ ಕಬ್ಬಿಣದ ಪಟ್ಟಿಗೆ ಮೂರು ತೂತು, ನಡುವಿನ ತೂತಿಗೆ ಲಿವರಿನ ಕೇಬಲ್, ತುದಿಯ ಎರಡಕ್ಕೆ ಎರಡು ಬ್ರೇಕುಗಳ ಕೇಬಲ್. ಒಂದು ಬ್ರೇಕು ಮೊದಲು ಹಿಡಿದರೆ ಪಟ್ಟಿ ವಾಲಿ ಇನ್ನೊಂದನ್ನೂ ಅಷ್ಟೇ ಎಳೆಯುತ್ತದೆ. ಕಾರಿನ ಹ್ಯಾಂಡ್ ಬ್ರೇಕಿನಲ್ಲಿ ಇರುವುದೂ ಇದೇ.

ಗೇರಿನ ಕೇಬಲ್ಲಿನ ಹೊರಕವಚವನ್ನು ಬ್ರೇಕಿಗೆ ಬಳಸಬಾರದು. ಬ್ರೇಕಿನ ಕವಚದಲ್ಲಿ ತಂತಿ ಸುರುಳಿಯಾಗಿ ಸುತ್ತಿರುತ್ತದೆ, ಗೇರಿನದರಲ್ಲಿ ಉದ್ದುದ್ದ ಎಳೆಗಳಿರುತ್ತವೆ. ಜೋರಾಗಿ ಬ್ರೇಕ್ ಹಿಡಿದಾಗ ಆ ಎಳೆಗಳು ಸೀಳಿಕೊಂಡು ಹೊರಬರುತ್ತವೆ. ಬ್ರೇಕಿನ ರಬ್ಬರು, ಕೇಬಲ್ಲು, ಕವಚ ಎಲ್ಲವೂ ಹೊಸದೇ ಇರಲಿ. ಈ ಬಂಡಿಯಲ್ಲಿ ಹಳೆಯದನ್ನು ಬಳಸಿ ಹಣ ಉಳಿಸಬಾರದ ಜಾಗ ಇದು. ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕು ಬಹಳ ಮಟ್ಟಿಗೆ ಜಾರುತ್ತದೆ ಎಂಬುದನ್ನೂ ಮರೆಯಬೇಡಿ.

ಹಂತ 7: ಓಡಿಸಿ ನೋಡುವುದು

ಮೊದಲ ದಿನ ಯಾರನ್ನೂ ಕೂರಿಸದೆ, ಆಸನದ ಮೇಲೆ ಮರಳಿನ ಚೀಲವಿಟ್ಟು ಸಮತಟ್ಟಾದ ನೆಲದಲ್ಲಿ ತಳ್ಳಿ. ಗಾಲಿಗಳನ್ನು ಹಿಂದಿನಿಂದ ನೋಡುತ್ತಾ ಹೋದರೆ ಯಾವುದು ಔಟಾಗಿದೆ, ಅಂದರೆ ಅಡ್ಡಡ್ಡ ಆಡುತ್ತಿದೆ ಎಂಬುದು ಕಾಣುತ್ತದೆ. ನಂತರ ನೀವು ಕೂತು, ನಡಿಗೆಯ ವೇಗದಲ್ಲಿ, ಎರಡೂ ಬದಿಗೆ ತಿರುಗಿಸಿ, ಬ್ರೇಕ್ ಹಿಡಿದು ನೋಡಿ. ಮಕ್ಕಳ ಸರದಿ ಆಮೇಲೆ, ಅದೂ ಹೆಲ್ಮೆಟ್ಟಿನೊಂದಿಗೆ. ಇಳಿಜಾರಿನ ಕಡೆ ಹೋಗಲೇಬಾರದು.

ನಮ್ಮ ಭಾಗದ ಎರೆ ಮಣ್ಣಿಗಾಗಿ ಒಂದು ಪ್ರತ್ಯೇಕ ಮಾತು. ಮಳೆ ಬಿದ್ದ ಎರೆ ಹೊಲಕ್ಕೆ ಈ ಬಂಡಿಯನ್ನು ಇಳಿಸಿದರೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಫೋರ್ಕಿಗೂ ಟಯರಿಗೂ ನಡುವೆ ಮಣ್ಣು ಗಟ್ಟಿಯಾಗಿ ಸೇರಿಕೊಂಡು ಗಾಲಿ ನಿಂತುಬಿಡುತ್ತದೆ. ಆಗ ಜೋರಾಗಿ ತುಳಿದರೆ ಚೈನೋ ಕಡ್ಡಿಯೋ ಹೋಗುತ್ತದೆ. ಮಡ್‌ಗಾರ್ಡ್ ತೆಗೆದುಹಾಕಿದರೆ ಸ್ವಲ್ಪ ಅನುಕೂಲ, ಆದರೆ ಮಳೆಗಾಲದಲ್ಲಿ ಬಂಡಿ ಫರ್ಶಿ ಹಾಸಿದ ಅಂಗಳದಲ್ಲಿರುವುದೇ ಲೇಸು. ಬೇಸಿಗೆಯಲ್ಲಿ ಗಾಳಿ ಪೂರ್ತಿ ತುಂಬಿಸಿ ಬಿಸಿಲಿಗೆ ನಿಲ್ಲಿಸಬೇಡಿ, ಹಳೆ ಟ್ಯೂಬು ಒಡೆಯುತ್ತದೆ.

ನೋಂದಾಯಿತ ಕಾರು, ಜೀಪಿಗೆ ಬಳಸಬಹುದೇ?

ಸ್ಟೇರಿಂಗು, ಬ್ರೇಕು, ಸಸ್ಪೆನ್ಶನ್, ಇಂಧನ, ಆಕ್ಸಿಲರೇಟರ್, ಈ ಐದರ ಹತ್ತಿರ ಸೈಕಲ್ಲಿನ ಯಾವ ಭಾಗವೂ ಸುಳಿಯಬಾರದು. ಚೈನನ್ನು ವೃತ್ತಾಕಾರವಾಗಿ ಬೆಸೆದು ಸ್ಟೇರಿಂಗ್ ಚಕ್ರ ಮಾಡುವುದು ನೋಡಲು ಆಕರ್ಷಕ, ಆದರೆ ಅಪಘಾತದಲ್ಲಿ ಎದೆಗೆ ಬಡಿಯುವುದು ಅದೇ ಕಬ್ಬಿಣ. ಸೈಕಲ್ ಟ್ಯೂಬನ್ನು ಕತ್ತರಿಸಿ ಪೆಟ್ರೋಲ್ ಪೈಪಿನ ಜೋಡಣೆಗೆ ಸುತ್ತುವವರೂ ಇದ್ದಾರೆ. ಆ ರಬ್ಬರು ಪೆಟ್ರೋಲಿಗೆ ಉಬ್ಬಿ ಮೆತ್ತಗಾಗುತ್ತದೆ. ಡೈನಮೋ ದೀಪದ ಬುರುಡೆಯನ್ನು ಅಲಂಕಾರಕ್ಕೆ ಹಾಕುವುದಾದರೆ ಒಳಗಿನ 6 ವೋಲ್ಟಿನ ಬಲ್ಬು ತೆಗೆದು 12 ವೋಲ್ಟಿನದನ್ನು ಹಾಕಿ. ಕ್ಯಾಬಿನ್ನಿನ ಒಳಗಿನ ಗೂಟ, ಬಾಟಲಿ ಹಿಡಿಕೆ, ಸಾಮಾನು ಕಟ್ಟುವ ರಬ್ಬರಿನಂಥವಕ್ಕೆ ಅಡ್ಡಿಯಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅದಕ್ಕೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸಂಶಯವಿದ್ದರೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಮೊದಲ ತಿಂಗಳಲ್ಲಿ

ಸುಮಾರು 20 ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ಗಾಲಿಗಳನ್ನು ಬಿಚ್ಚಿ ಕಡ್ಡಿಗಳನ್ನು ಎರಡೆರಡಾಗಿ ಬೆರಳಿನಿಂದ ಹಿಸುಕಿ ನೋಡಿ. ಸಡಿಲವಾದದ್ದು ಕೈಗೆ ಕೂಡಲೇ ತಿಳಿಯುತ್ತದೆ. ನಿಪ್ಪಲ್ ಪಾನಾದಿಂದ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯಬೇಡಿ. ಬೆಸುಗೆಗಳ ಮೇಲಿನ ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ, ಅದರಲ್ಲೂ ಹೆಡ್ ಪೈಪಿನ ಬುಡದಲ್ಲಿ ಕಂಡರೆ, ಬಂಡಿಯನ್ನು ಅಂದೇ ನಿಲ್ಲಿಸಿ, ಆ ಜಾಗವನ್ನು ಪೂರ್ತಿ ಉಜ್ಜಿ ಮತ್ತೆ ಬೆಸೆಯಿಸಿ.